ಹಳೆ ಕಾರುಗಳ ಕ್ಲಬ್ಬಿಗೆ ಹೊಸ ಪೀಳಿಗೆ ತರುವುದು ಹೇಗೆ: ಕರೆಯುವ ಮೊದಲು ಮಾಡಬೇಕಾದ ಕೆಲಸಗಳು

ಹಳೆ ಕಾರುಗಳ ಕ್ಲಬ್ ನಡೆಸುವವರು ಪದೇ ಪದೇ ಒಂದೇ ಕಥೆ ಹೇಳುತ್ತಾರೆ. ಇನ್‌ಸ್ಟಾಗ್ರಾಮ್ ಪುಟ ತೆರೆದೆವು, ಶುಲ್ಕ ಅರ್ಧ ಮಾಡಿದೆವು, ‘ಯುವ ದಿನ’ ಅಂತ ಒಂದು ಭಾನುವಾರ ಇಟ್ಟೆವು. ಇಪ್ಪತ್ತು ಮಂದಿ ಬಂದರು. ಮುಂದಿನ ತಿಂಗಳು ಇಬ್ಬರು. ಆಮೇಲೆ ಯಾರೂ ಇಲ್ಲ. ಕೊನೆಗೆ ‘ಈಗಿನವರಿಗೆ ಮೊಬೈಲ್ ಬಿಟ್ಟರೆ ಏನೂ ಬೇಡ’ ಎಂಬ ತೀರ್ಪು.

ಆದರೆ ಇಪ್ಪತ್ತು ಮಂದಿ ಬಂದಿದ್ದರು ಅಲ್ವಾ? ಆಸಕ್ತಿ ಇಲ್ಲದೆ ಯಾರೂ ಭಾನುವಾರ ಬೆಳಿಗ್ಗೆ ಎದ್ದು ಬರುವುದಿಲ್ಲ. ಬಂದ ಮೇಲೆ ಮಾಡಲು ಏನೂ ಇರಲಿಲ್ಲ, ಅಷ್ಟೆ. ಮೊದಲು ಕರೆದರು, ಆಮೇಲೆ ಏನು ಕೊಡೋಣ ಅಂತ ತಲೆ ಕೆರೆದುಕೊಂಡರು. ಈ ಮಾರ್ಗದರ್ಶಿಯಲ್ಲಿ ಕರೆಯುವುದು ಆರನೆಯ ಹಂತ. ಮೊದಲ ಐದನ್ನು ಹಾರಿಸಿದರೆ ಅದೇ ಕಥೆ ಮತ್ತೆ ನಡೆಯುತ್ತದೆ. ತಯಾರಿಗೆ ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ.

ಹಂತ 1: ಮೊದಲು ನಿಮ್ಮ ಪಟ್ಟಿ ನೋಡಿ

ಸದಸ್ಯರ ಪಟ್ಟಿ ತೆಗೆಯಿರಿ. ಪ್ರತಿಯೊಬ್ಬರ ವಯಸ್ಸು ಬರೆಯಿರಿ, ಸರಾಸರಿ ತೆಗೆಯಿರಿ. ಐದು ವರ್ಷದ ಹಿಂದಿನ ಪಟ್ಟಿಗೂ ಹಾಗೇ ಮಾಡಿ. ಐದು ವರ್ಷದಲ್ಲಿ ಸರಾಸರಿ ವಯಸ್ಸೂ ಐದು ವರ್ಷ ಏರಿದ್ದರೆ, ನಿಮ್ಮಲ್ಲಿ ಹೊಸಬರು ಇಲ್ಲವೆಂದೇ ಲೆಕ್ಕ. ಇದ್ದವರೇ ಒಟ್ಟಿಗೆ ಮುದುಕರಾಗುತ್ತಿದ್ದೀರಿ.

ಆಮೇಲೆ ಇನ್ನೊಂದು ಪಟ್ಟಿ ಮಾಡಿ: ಕಳೆದ ಮೂರು ವರ್ಷಗಳಲ್ಲಿ ಒಮ್ಮೆ ಬಂದು ಮತ್ತೆ ಬಾರದೆ ಹೋದವರು. ಹೆಚ್ಚಿನ ಕ್ಲಬ್ಬುಗಳ ಬಳಿ ಈ ಪಟ್ಟಿ ಇರುವುದೇ ಇಲ್ಲ. ಹಳೆ ಫೋಟೋ, ವಾಟ್ಸಾಪ್ ಗುಂಪು ಜಾಲಾಡಿದರೆ ಹತ್ತು ಹೆಸರಾದರೂ ಸಿಗುತ್ತವೆ. ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ಅವತ್ತು ಬಂದಾಗ ನೀವು ಏನು ಮಾಡಿದಿರಿ?’ ‘ಯಾಕೆ ಬರಲಿಲ್ಲ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಮರ್ಯಾದೆಗೆ ಏನೋ ಒಂದು ನೆಪ ಹೇಳುತ್ತಾರೆ. ‘ಸುಮ್ನೆ ನಿಂತಿದ್ದೆ, ಫೋಟೋ ತೆಗೆದೆ, ಹೊರಟೆ’ ಎಂಬ ಉತ್ತರ ಮೂರು ಸಲ ಬಂದರೆ ಸಾಕು, ರೋಗ ಯಾವುದೆಂದು ಗೊತ್ತಾಯಿತು.

ಈ ಫೋನ್ ಕೆಲಸವನ್ನು ಅಧ್ಯಕ್ಷರಿಗೆ ಕೊಡಬೇಡಿ. ಅವರು ಕೇಳುವುದಕ್ಕಿಂತ ಸಮರ್ಥನೆ ಕೊಡುವುದೇ ಜಾಸ್ತಿ ಆಗುತ್ತದೆ.

ಹಂತ 2: ಬಾಗಿಲಿಗೆ ಹಾಕಿದ ಎರಡು ಬೀಗ ತೆಗೆಯಿರಿ

ಮೊದಲ ಬೀಗ: ಕಾರು ಇದ್ದವರಿಗಷ್ಟೇ ಸದಸ್ಯತ್ವ. ಇಪ್ಪತ್ತೆರಡು ವರ್ಷದವರ ಬಳಿ ಹಳೆ ಕಾರೂ ಇರುವುದಿಲ್ಲ, ಅದನ್ನು ನಿಲ್ಲಿಸುವ ಜಾಗವೂ ಇರುವುದಿಲ್ಲ. ಕಾರಿಲ್ಲದವರಿಗೂ ಸದಸ್ಯತ್ವ ಕೊಡಿ. ಜೊತೆಗೆ ಮತದ ಹಕ್ಕನ್ನೂ ಕೊಡಿ. ಮತವಿಲ್ಲದ ‘ಸಹ ಸದಸ್ಯ’ ಎಂಬ ಹೆಸರು ಕೊಟ್ಟರೆ ಆತ ಪ್ರೇಕ್ಷಕನಾಗಿಯೇ ಉಳಿಯುತ್ತಾನೆ. ವರ್ಷದ ಶುಲ್ಕವನ್ನು ತಿಂಗಳ ಕಂತಿನಲ್ಲಿ ಕಟ್ಟಲು ಬಿಡಿ. ಶುಲ್ಕ ಪೂರ್ತಿ ಮಾಫಿ ಮಾಡಬೇಡಿ. ಬಿಟ್ಟಿ ಸಿಕ್ಕ ಸದಸ್ಯತ್ವವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಎರಡನೆಯ ಬೀಗ: ಇಸವಿ. ‘1960ಕ್ಕಿಂತ ಹಳೆಯದು ಮಾತ್ರ’ ಎಂಬಂಥ ಗಟ್ಟಿ ಗೆರೆ ನಿಮ್ಮ ನಿಯಮದಲ್ಲಿದ್ದರೆ ಅದನ್ನು ವರ್ಷದ ಜೊತೆ ಮುಂದೆ ಜರುಗುವ ಗೆರೆಯನ್ನಾಗಿ ಮಾಡಿ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 30 ವರ್ಷ ತುಂಬಿದ ವಾಹನವನ್ನು ಐತಿಹಾಸಿಕ ಎನ್ನುತ್ತದೆ. ಅದರ ಜೊತೆಗೆ ಮೂಲರೂಪ ಉಳಿದಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು ಎಂಬ ಷರತ್ತೂ ಇದೆ. ಅಮೆರಿಕದ ಆಂಟಿಕ್ ಆಟೊಮೊಬೈಲ್ ಕ್ಲಬ್ 25 ವರ್ಷ ಸಾಕು ಎನ್ನುತ್ತದೆ. ಯಾವುದನ್ನಾದರೂ ಹಿಡಿಯಿರಿ. 1995ರ ಕಾರು 30 ವರ್ಷದ ಲೆಕ್ಕದಲ್ಲೂ 2025ಕ್ಕೆ ಒಳಗೆ ಬಂತು.

ಇದು ಯಾಕೆ ಮುಖ್ಯ ಅಂದರೆ, ಪ್ರತಿಯೊಬ್ಬರ ಮನಸ್ಸಿನಲ್ಲೂ ಕೂತಿರುವುದು ತಮ್ಮ ಬಾಲ್ಯದ ಕಾರು. ನಿಮಗೆ 1950ರ ದಶಕದ ಕ್ರೋಮ್ ಬಂಪರ್ ಹೇಗೋ, ಹೊಸಬರಿಗೆ 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಚಿಕ್ಕ ಕಾರು ಹಾಗೆ. ಇದನ್ನು ಅರ್ಥ ಮಾಡಿಕೊಂಡವರು ಗೆದ್ದಿದ್ದಾರೆ. ಅಮೆರಿಕದಲ್ಲಿ 2017ರಲ್ಲಿ ಶುರುವಾದ ರ್‍ಯಾಡ್‌ವುಡ್ ಮೇಳಕ್ಕೆ 1980 ಮತ್ತು 90ರ ದಶಕದ ಕಾರುಗಳೇ ಜೀವ. ಜನ ಆ ಕಾಲದ ಬಟ್ಟೆ ಹಾಕಿಕೊಂಡೇ ಬರುತ್ತಾರೆ. ಬ್ರಿಟನ್ನಿನಲ್ಲಿ 2014ರಿಂದ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’ ನಡೆಯುತ್ತಿದೆ. ಅಲ್ಲಿ ಬಹುಮಾನ ಸಿಗುವುದು ಅಪ್ಪ ಅಮ್ಮ ಕೆಲಸಕ್ಕೆ ಓಡಿಸುತ್ತಿದ್ದಂಥ ಸಾದಾ ಕಾರುಗಳಿಗೆ.

‘ಇದೂ ಒಂದು ಹಳೆ ಕಾರಾ?’ ಎಂದು ಯಾರಾದರೂ ಗೊಣಗಿಯೇ ಗೊಣಗುತ್ತಾರೆ. ಅವರಿಗೆ ಒಂದು ಲೆಕ್ಕ ಹೇಳಿ. ಅಮೆರಿಕದ ಆ ಆಂಟಿಕ್ ಆಟೊಮೊಬೈಲ್ ಕ್ಲಬ್ ಹುಟ್ಟಿದ್ದು 1935ರಲ್ಲಿ. ಫೋರ್ಡ್ ಮಾಡೆಲ್ ಟಿ ತಯಾರಿ ನಿಂತದ್ದು 1927ರಲ್ಲಿ. ಅಂದರೆ ಈಗ ಎಲ್ಲರೂ ಕೈಮುಗಿಯುವ ಆ ಕಾರಿನ ಕೊನೆಯ ಸಾಲು ಅವತ್ತಿಗೆ ಬರೀ ಎಂಟು ವರ್ಷದ ಸೆಕೆಂಡ್ ಹ್ಯಾಂಡ್ ಮಾಲು.

ಹಂತ 3: ಕ್ಲಬ್ಬಿನ ಹೆಸರಲ್ಲಿ ಒಂದು ಕಾರು ತನ್ನಿ

ಇಡೀ ಕೆಲಸದ ತಿರುಳು ಇಲ್ಲಿದೆ. ಹೊಸಬರು ಮುಟ್ಟಬಹುದಾದ, ಬಿಚ್ಚಬಹುದಾದ, ತಪ್ಪು ಮಾಡಬಹುದಾದ ಒಂದು ಕಾರು ಬೇಕು. ಸದಸ್ಯರ ಕಾರಿನಲ್ಲಿ ಇದು ಆಗುವುದಿಲ್ಲ. ಎಷ್ಟೇ ದೊಡ್ಡ ಮನಸ್ಸಿನವರಾದರೂ ತಮ್ಮ ಕಾರಿನ ಬೋಲ್ಟ್ ಇನ್ನೊಬ್ಬರು ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಾರೆ.

ಯಾವ ಕಾರು? ಅಪರೂಪದ್ದು ಬೇಡ. ಪೂರ್ತಿ ತುಕ್ಕು ಹಿಡಿದದ್ದೂ ಬೇಡ. ನಾಲ್ಕು ಸಿಲಿಂಡರ್, ಒಂದೇ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ಪಾಯಿಂಟ್ ಎಂಬ ಪುಟ್ಟ ಸ್ವಿಚ್ ಇರುವ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಭಾಗ), ಬಿಡಿಭಾಗ ಸುಲಭವಾಗಿ ಸಿಗುವ ಮಾದರಿ ನೋಡಿ. ಈಗ ಓಡುತ್ತಿರಬೇಕು, ಇಲ್ಲವೇ ಸ್ವಲ್ಪ ಕೆಲಸಕ್ಕೆ ಸ್ಟಾರ್ಟ್ ಆಗುವಂತಿರಬೇಕು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಒಳ್ಳೆಯ ಉದಾಹರಣೆ. ಎರಡು ಕೋಟಿಗೂ ಜಾಸ್ತಿ ತಯಾರಾದ ಕಾರು, ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ಗಾಳಿಯಿಂದ ತಣಿಯುವ ಎಂಜಿನ್, ರೇಡಿಯೇಟರ್ ತಲೆನೋವಿಲ್ಲ. ಎಂಜಿನ್ ಗೇರ್‌ಬಾಕ್ಸಿಗೆ ಸೇರಿರುವುದು ನಾಲ್ಕೇ ಜಾಗದಲ್ಲಿ, ಬಿಚ್ಚುವುದು ಸುಲಭ. ನಿಮ್ಮಲ್ಲಿ ಸಿಗುವ ಬೇರೆ ಮಾದರಿ ಆದರೂ ಸರಿ, ಈ ಮೂರು ಗುಣ ಇದ್ದರೆ ಸಾಕು: ಸರಳ, ಸಾದಾ, ಬಿಡಿಭಾಗ ಸಿಗುವಂಥದ್ದು.

ಕಾರಿನ ಕಾಗದಪತ್ರ ಕ್ಲಬ್ಬಿನ ಹೆಸರಿಗೇ ಆಗಲಿ. ಒಬ್ಬರು ‘ಸದ್ಯಕ್ಕೆ ನನ್ನ ಹೆಸರಲ್ಲಿ ಇರಲಿ’ ಎಂದರೆ ಒಪ್ಪಬೇಡಿ. ಎರಡು ವರ್ಷದ ನಂತರ ಜಗಳ ಶುರುವಾಗುವುದು ಅಲ್ಲೇ.

ಬೇಕಾದ ಸಾಮಾನು

ರಿಂಗ್ ಮತ್ತು ಓಪನ್ ಸ್ಪ್ಯಾನರ್ ಸೆಟ್ಟು ಎರಡು. ಒಂದೇ ಇದ್ದರೆ ಒಬ್ಬರು ಕೆಲಸ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಕಾರು ಯಾವ ದೇಶದ್ದು, ಯಾವ ಕಾಲದ್ದು ಎಂದು ನೋಡಿ ಮಿಲಿಮೀಟರ್ ಅಥವಾ ಇಂಚಿನ ಅಳತೆಯದು ತನ್ನಿ. ಹತ್ತಿರ ಹತ್ತಿರ ಕೂರುತ್ತದೆ ಅಂತ ಬೇರೆ ಅಳತೆಯ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಜೊತೆಗೆ ಸಾಕೆಟ್ ಸೆಟ್ಟು, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಮಲ್ಟಿಮೀಟರ್, ಟೈಮಿಂಗ್ ಲೈಟ್, ಟಾರ್ಕ್ ರೆಂಚ್, ಗ್ರೀಸ್ ಗನ್, ಟ್ರಾಲಿ ಜಾಕ್, ನಾಲ್ಕು ಜಾಕ್ ಸ್ಟ್ಯಾಂಡ್. ಆ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಮುದ್ರಿತ ಪ್ರತಿ ಇರಲಿ. ಎಣ್ಣೆ ಕೈಯಲ್ಲಿ ಫೋನ್ ಉಜ್ಜಲು ಆಗುವುದಿಲ್ಲ. ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲ ಮತ್ತು ಮಾರ್ಕರ್ ಪೆನ್ನು ಧಾರಾಳವಾಗಿರಲಿ.

ಕೆಲಸದ ಕ್ರಮ

ಮೊದಲು ಬ್ರೇಕ್. ಆಮೇಲೆ ಪೆಟ್ರೋಲ್ ಲೈನ್. ಹಳೆ ರಬ್ಬರ್ ಪೈಪುಗಳು ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವುದಿಲ್ಲ, ಎಲ್ಲವನ್ನೂ ಬದಲಿಸಿ. ಅದಾದ ಮೇಲೆ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ), ವೈರಿಂಗ್, ಸ್ಟೀರಿಂಗ್, ಸಸ್ಪೆನ್ಷನ್. ಪೇಂಟು ಕಟ್ಟಕಡೆಗೆ. ಬಹಳಷ್ಟು ಕ್ಲಬ್ಬುಗಳು ಪೇಂಟಿನಿಂದಲೇ ಶುರು ಮಾಡುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ ಅಂತ. ಪೇಂಟಿಗೆ ದುಡ್ಡೆಲ್ಲ ಮುಗಿದು, ಹೊಳೆಯುವ ಕಾರು ಓಡದೆ ಮೂಲೆಯಲ್ಲಿ ಕೂರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು.

ಮೊದಲ ದಿನ ಹೇಗಿರಬೇಕು

ಮೂರು ಗಂಟೆ ಸಾಕು. ಆದರೆ ದಿನ ಮುಗಿಯುವಷ್ಟರಲ್ಲಿ ಏನಾದರೂ ಒಂದು ಪೂರ್ತಿ ಆಗಿರಲೇಬೇಕು. ನಾನು ಯಾವಾಗಲೂ ಇಗ್ನಿಷನ್ ಆರಿಸುತ್ತೇನೆ. ಪ್ಲಗ್ ಬಿಚ್ಚಿಸಿ ಬಣ್ಣ ನೋಡಲು ಹೇಳುತ್ತೇನೆ: ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ತಿಳಿ ಕಂದು ಇದ್ದರೆ ಸರಿ. ಆಮೇಲೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಎಂಜಿನ್ ಕೈಯಲ್ಲಿ ತಿರುಗಿಸಿ, ಪಾಯಿಂಟ್ ತೆರೆದು ಮುಚ್ಚುವುದನ್ನು ತೋರಿಸುತ್ತೇನೆ. ಅದು ತೆರೆದ ಕ್ಷಣದಲ್ಲೇ ಕಾಯಿಲ್‌ನಿಂದ ಕಿಡಿ ಹಾರುವುದು. ಫೀಲರ್ ಗೇಜಿನಿಂದ ಸಂದು ಅಳೆಸುತ್ತೇನೆ. ಹಲವು ಕಾರುಗಳಲ್ಲಿ ಅದು ಸುಮಾರು 0.4 ಮಿಲಿಮೀಟರ್, ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲಿ ನೋಡಿ. ಎಲ್ಲ ಜೋಡಿಸಿ, ಅವರಲ್ಲೇ ಒಬ್ಬರಿಂದ ಸ್ಟಾರ್ಟ್ ಮಾಡಿಸುತ್ತೇನೆ. ತಾವೇ ಇಟ್ಟ ಸಂದಿನಿಂದ ಎಂಜಿನ್ ಹೊತ್ತಿಕೊಂಡಾಗ ಆ ಮುಖಗಳನ್ನು ನೋಡಬೇಕು. ಕಂಪ್ಯೂಟರ್ ತುಂಬಿದ ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಇಲ್ಲಿ ಕಾರಣ ಮತ್ತು ಪರಿಣಾಮ ಎರಡೂ ಕಣ್ಣೆದುರು.

ಒಂದೇ ಒಂದು ಕಟ್ಟುನಿಟ್ಟಿನ ನಿಯಮ: ಹಿರಿಯರ ಕೈ ಜೇಬಿನಲ್ಲಿ. ಬಾಯಲ್ಲಿ ಹೇಳಬಹುದು, ಬೆರಳಲ್ಲಿ ತೋರಿಸಬಹುದು, ಸ್ಪ್ಯಾನರ್ ಕಿತ್ತುಕೊಳ್ಳುವಂತಿಲ್ಲ. ನಾನು ಮೊದಲಿದ್ದ ಕ್ಲಬ್ಬಿನಲ್ಲಿ ಒಬ್ಬ ಹುಡುಗಿ ಕಾರ್ಬೊರೇಟರ್ ಬಿಚ್ಚುತ್ತಿದ್ದಳು. ನಿಧಾನ, ಆದರೆ ಸರಿಯಾಗಿಯೇ. ಹಿರಿಯರೊಬ್ಬರು ‘ಕೊಡಮ್ಮ ಇಲ್ಲಿ, ನಿನಗೆ ಆಗಲ್ಲ’ ಎಂದು ಕಿತ್ತುಕೊಂಡು ಎರಡು ನಿಮಿಷದಲ್ಲಿ ಮುಗಿಸಿದರು. ಅವರ ಮನಸ್ಸಿನಲ್ಲಿ ಅದು ಸಹಾಯ. ಅವಳು ಮತ್ತೆ ಬರಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಒಂದು ಮಾತು ಆಡಲಿಲ್ಲ. ಆ ಕಾರ್ಬೊರೇಟರ್ ಇನ್ನೂ ಕಣ್ಣಿಗೆ ಕಟ್ಟಿದೆ.

ಎಚ್ಚರಿಕೆಯ ಚಿಹ್ನೆ: ಸತತ ಎರಡು ವಾರ ಕಾರಿನ ಸುತ್ತ ನೋಡುವವರು ಜಾಸ್ತಿ, ಕೆಲಸ ಮಾಡುವವರು ಕಡಿಮೆ ಇದ್ದರೆ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ. ಒಬ್ಬರಿಗೆ ಹಿಂದಿನ ಬ್ರೇಕ್, ಇಬ್ಬರಿಗೆ ವೈಪರ್ ಮೋಟಾರ್, ಇನ್ನೊಬ್ಬರಿಗೆ ಬಾಗಿಲಿನ ಬೀಗ.

ಹಂತ 4: ಸುರಕ್ಷತೆ, ಕಾಗದದಲ್ಲಿ ಮತ್ತು ನೆಲದಲ್ಲಿ

ಮೊದಲು ಕಾಗದ. ಕ್ಲಬ್ಬಿನ ವಿಮೆ ವರ್ಕ್‌ಶಾಪ್ ಕೆಲಸಕ್ಕೂ, ಕಾರು ಓಡಿಸುವ ಕಲಿಕೆಗೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ‘ಆಗತ್ತೆ ಬಿಡಿ’ ಎಂಬ ಬಾಯಿಮಾತು ಕೆಲಸಕ್ಕೆ ಬರುವುದಿಲ್ಲ. 18 ತುಂಬದವರಿಗೆ ಪೋಷಕರ ಸಹಿ ಬೇಕು, ಫೋಟೋ ಹಾಕಲು ಬೇರೆಯೇ ಒಪ್ಪಿಗೆ ಬೇಕು. ಚಿಕ್ಕವರ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಒಬ್ಬರೇ ಅಲ್ಲ.

ಇನ್ನು ನೆಲದ ಮೇಲಿನ ಮಾತು. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹಿಡಿಯುವುದಕ್ಕೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹೋಗಬಾರದು. ಹಳೆ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ಮೇಲೆ ಧೂಳನ್ನು ಏರ್ ಹೊಡೆದು ಊದಬೇಡಿ, ಒಣ ಬ್ರಷ್ ಹಾಕಬೇಡಿ, ಒದ್ದೆ ಮಾಡಿ ಒರೆಸಿ. ಹಳೆ ಪೇಂಟಿನಲ್ಲಿ ಸೀಸ ಇರಬಹುದು, ಅದನ್ನೂ ಒಣದಾಗಿ ಉಜ್ಜಬಾರದು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಕಿಡಿ ಬೇಡ. ಕೆಲವು ಹಳೆ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಸೇರಿಸುವುದು ಬ್ಯಾಟರಿಯ ಪಾಸಿಟಿವ್ ತಂತಿಯನ್ನು. ಇನ್ನೊಂದು ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವುದನ್ನು ಎಲ್ಲರೂ ಕಲಿಯಬೇಕೆನ್ನುತ್ತಾರೆ. ಕಲಿಸಿ, ಆದರೆ ಸರಿಯಾಗಿ. ಸ್ಪಾರ್ಕ್ ಹಿಂದಕ್ಕೆ ಸರಿಸಿರಬೇಕು, ಅಂದರೆ ಕಿಡಿ ತುಸು ತಡವಾಗಿ ಹಾರಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಹ್ಯಾಂಡಲ್ ಸುತ್ತಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಬಾರದು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಹತ್ತಿರ ಇರಲಿ, ಕಾರಿನ ಹಿಂದೆ ಅಲ್ಲ. ಬೆಂಕಿ ಹೊತ್ತಿದಾಗ ಅದನ್ನು ದಾಟಿ ಯಾರು ಹೋಗುತ್ತಾರೆ?

ಹಂತ 5: ಸ್ಟೀರಿಂಗ್ ಕೈಗೆ ಕೊಡಿ

ಓಡಿಸದೆ ಬರೀ ಉಜ್ಜಿಸಿದರೆ ಆರು ತಿಂಗಳಲ್ಲಿ ಉತ್ಸಾಹ ಬತ್ತುತ್ತದೆ. ಸಂಚಾರ ಇಲ್ಲದ ಮುಚ್ಚಿದ ಮೈದಾನವೊಂದನ್ನು ಅರ್ಧ ದಿನಕ್ಕೆ ಪಡೆಯಿರಿ. ಮೂರೋ ನಾಲ್ಕೋ ಕಾರು ಸಾಕು. ಗಟ್ಟಿಮುಟ್ಟಾದ ಕ್ಲಚ್, ಸುಲಭ ಗೇರ್ ಇರುವವನ್ನೇ ಆರಿಸಿ. ಕೊಡುವ ಮಾಲೀಕರಿಗೆ ಮೊದಲೇ ಹೇಳಿಬಿಡಿ: ಗೇರ್ ಕರಕರ ಎನ್ನುತ್ತದೆ, ಕಾರು ಜಿಗಿಯುತ್ತದೆ, ನೀವು ಮುಖ ಸಿಂಡರಿಸುವಂತಿಲ್ಲ. ಆಗದು ಎನ್ನುವವರು ಕಾರು ಮನೆಯಲ್ಲೇ ಬಿಟ್ಟು ಬರಲಿ, ಬೇಜಾರಿಲ್ಲ.

ಓಡಿಸುವ ಮೊದಲು ಪ್ರತಿ ಕಾರಿನ ಬ್ರೇಕ್ ನೋಡಿ. ಹಳೆಯ ಹಲವು ಕಾರುಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ಇಸವಿ. 2318 ಎಂದರೆ 2018ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಟೈರಿನ ಮೇಲ್ಮೈ ಎಷ್ಟೇ ಚೆನ್ನಾಗಿ ಕಂಡರೂ ಆ ಕಾರು ಅವತ್ತು ನಿಂತೇ ಇರಲಿ.

ಕಲಿಸುವ ಕ್ರಮ ಹೀಗಿರಲಿ. ಮೊದಲು ಪಕ್ಕದ ಸೀಟಿನಲ್ಲಿ ಒಂದು ಸುತ್ತು. ಆಮೇಲೆ ಎಂಜಿನ್ ಆಫ್ ಇದ್ದಾಗ ಪೆಡಲ್ ಮತ್ತು ಗೇರ್ ಅಭ್ಯಾಸ. ನಂತರ ಚೋಕ್ ಎಳೆದು ಸ್ಟಾರ್ಟ್ ಮಾಡುವುದು. ಆಮೇಲೆ ಮೊದಲ ಮತ್ತು ಎರಡನೇ ಗೇರಿನಲ್ಲಿ ಓಡಾಟ. ಎರಡು ಸಲ ಕ್ಲಚ್ ಒತ್ತಿ ಗೇರ್ ಇಳಿಸುವ ಪಾಠ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಗೇರ್ ಕಾರನ್ನೇ ಮುಟ್ಟದ ಎಷ್ಟೋ ಮಂದಿ ಈಗ ಇದ್ದಾರೆ, ಅವರಿಗೆ ಇಷ್ಟೇ ದೊಡ್ಡ ಸಾಹಸ. ಯಾರ ಬಳಿಯಾದರೂ ಮಾಡೆಲ್ ಟಿ ಇದ್ದರೆ ಅದನ್ನು ಕೊನೆಗೆ ತನ್ನಿ. ಎಡ ಪೆಡಲ್ ಗೇರಿಗೆ, ನಡುವಿನದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ, ಆಕ್ಸಿಲರೇಟರ್ ಸ್ಟೀರಿಂಗ್ ಪಕ್ಕದ ಕಡ್ಡಿಯಲ್ಲಿ. ಅಲ್ಲಿ ಮೂವತ್ತು ವರ್ಷ ಕಾರು ಓಡಿಸಿದವರೂ ಹೊಸಬರೇ. ಅನುಭವಿ ತಡವರಿಸುವುದನ್ನು ನೋಡಿ ಹುಡುಗರು ನಗುತ್ತಾರೆ. ಆ ನಗು ಕ್ಲಬ್ಬಿಗೆ ಒಳ್ಳೆಯದು.

ಹಂತ 6: ಈಗ ಕರೆಯಿರಿ

ಎಲ್ಲರನ್ನೂ ಕರೆಯಬೇಡಿ. ಈಗಾಗಲೇ ಅರ್ಧ ದಾರಿಗೆ ಬಂದವರನ್ನು ಹುಡುಕಿ: ಮೆಕ್ಯಾನಿಕ್ ತರಬೇತಿ ಪಡೆಯುವವರು, ಎಂಜಿನಿಯರಿಂಗ್ ಕಾಲೇಜಿನಲ್ಲಿ ರೇಸ್ ಕಾರು ಕಟ್ಟುವ ತಂಡಗಳು, ಹಳೆ ಬೈಕ್ ಸರಿಮಾಡುವವರು, ಚಿಕ್ಕ ಮಾದರಿ ಕಾರು ಸಂಗ್ರಹಿಸುವವರು, ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರು. ಕೊನೆಯವರನ್ನು ನೋಡಿ ನಗಬೇಡಿ. 1990ರ ದಶಕದ ಕಾರಿನ ಎಂಜಿನ್ ನಂಬರ್ ಸಮೇತ ಅವರಿಗೆ ಬಾಯಿಪಾಠ. ನಿಜವಾದ ಕಾರಿನಲ್ಲಿ ಕೂತಿರುವುದಿಲ್ಲ, ಅಷ್ಟೆ.

ಹೇಳುವ ಮಾತು ನಿರ್ದಿಷ್ಟವಾಗಿರಲಿ. ‘ಬನ್ನಿ, ನಮ್ಮ ಕ್ಲಬ್ ಸೇರಿ’ ಎಂದರೆ ಯಾರ ಕಿವಿಗೂ ಬೀಳದು. ‘ಶನಿವಾರ ಮೂರು ಗಂಟೆಗೆ ಕಾರ್ಬೊರೇಟರ್ ಬಿಚ್ಚುತ್ತಿದ್ದೇವೆ, ನಾಲ್ಕು ಜನರಿಗೆ ಜಾಗ ಇದೆ, ಹಳೆ ಬಟ್ಟೆ ಹಾಕಿಕೊಂಡು ಬನ್ನಿ’ ಎಂದರೆ ಬರುತ್ತಾರೆ. ವಿಡಿಯೋ ಹಾಕುವುದಾದರೆ ಭಾಷಣ ಬೇಡ, ಸಾಲಾಗಿ ನಿಂತ ಕಾರುಗಳೂ ಬೇಡ. ತಣ್ಣಗಿನ ಎಂಜಿನ್ ಕೆಮ್ಮಿ ಕೆಮ್ಮಿ ಹೊತ್ತಿಕೊಳ್ಳುವ ಮೂವತ್ತು ಸೆಕೆಂಡು ಸಾಕು. ಯಾರಾದರೂ ಸಂದೇಶ ಕಳಿಸಿದರೆ ಅವತ್ತೇ ಉತ್ತರ ಕೊಡಿ. ಮುಂದಿನ ಸಭೆಯಲ್ಲಿ ಚರ್ಚಿಸಿ ತಿಳಿಸುತ್ತೇವೆ ಎಂದರೆ ಕಥೆ ಮುಗಿಯಿತು.

ಮೊದಲ ಸಲ ಬಂದವರಿಗೆ ಒಬ್ಬ ಜೊತೆಗಾರ ಇರಲಿ. ಹೆಸರು ಕೇಳಬೇಕು, ಐದು ನಿಮಿಷದೊಳಗೆ ಕೈಗೆ ಏನಾದರೂ ಕೊಡಬೇಕು. ಒರೆಸುವ ಬಟ್ಟೆಯ ಬದಲು ಸ್ಪ್ಯಾನರ್ ಕೊಡಿ.

ಇದರ ಜೊತೆಗೆ ಪ್ರದರ್ಶನದ ದಿನ ‘ಮುಟ್ಟಬೇಡಿ’ ಫಲಕಗಳನ್ನು ಕಡಿಮೆ ಮಾಡಿ. ಕೂರಬಹುದಾದ ಎರಡು ಕಾರುಗಳಿಗೆ ‘ಒಳಗೆ ಕೂತು ನೋಡಿ’ ಎಂದು ಬರೆದು ಹಾಕಿ. ಸಭೆಯ ವರದಿ ಓದುವುದನ್ನು ಹತ್ತು ನಿಮಿಷಕ್ಕೆ ಮೊಟಕು ಮಾಡಿ. ಇದರ ಬಗ್ಗೆ ಇಷ್ಟು ಸಾಕು.

ಹಂತ 7: ಮೂರು ತಿಂಗಳೊಳಗೆ ನಿಜವಾದ ಜವಾಬ್ದಾರಿ

ಇಲ್ಲಿ ಎಡವುವವರು ಬಹಳ. ಹೊಸಬರು ಬಂದರು, ಉಳಿದರು, ಆಮೇಲೆ ಅವರಿಗೆ ಕೊಟ್ಟ ಕೆಲಸ ಏನು? ಫೇಸ್‌ಬುಕ್ ನೋಡಿಕೊಳ್ಳುವುದು, ಕುರ್ಚಿ ಜೋಡಿಸುವುದು. ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಎಲ್ಲರನ್ನೂ ಮೊಬೈಲ್ ಕೆಲಸಕ್ಕೆ ಹಚ್ಚುವುದು ಅವಮಾನವೇ ಸರಿ. ಕ್ಲಬ್ಬಿನ ಹೆಸರಲ್ಲಿ ತಂದ ಯೋಜನೆಯ ಕಾರಿನ ಖರ್ಚಿನ ಪುಸ್ತಕ ಅವರ ಕೈಗೆ ಕೊಡಿ. ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಬಿಡಿಭಾಗ ತರುವ ಅಧಿಕಾರ ಕೊಡಿ. ಮುಂದಿನ ಸವಾರಿಯ ದಾರಿ ಅವರೇ ಗೊತ್ತುಮಾಡಲಿ. ದಾರಿ ತಪ್ಪಿದರೆ ಎಲ್ಲರೂ ಸೇರಿ ತಪ್ಪಿ.

ಅವರಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಕೆಲಸಗಳೂ ಇವೆ. ಎಲ್ಲೂ ಸಿಗದ ಡ್ಯಾಶ್‌ಬೋರ್ಡ್ ಗುಂಡಿಯನ್ನು ಅಳೆದು, ಕಂಪ್ಯೂಟರಿನಲ್ಲಿ ಬರೆದು, 3ಡಿ ಪ್ರಿಂಟರ್‌ನಲ್ಲಿ ತೆಗೆಯಬಲ್ಲವರು ಅವರಲ್ಲಿ ಇರುತ್ತಾರೆ. ಗುಂಡಿ, ಕ್ಲಿಪ್, ಮೀಟರ್ ಸುತ್ತಲಿನ ಚೌಕಟ್ಟಿಗೆ ಇದು ಸರಿ. ಬ್ರೇಕ್, ಸ್ಟೀರಿಂಗ್, ಪೆಟ್ರೋಲ್ ಲೈನಿನ ಭಾಗಗಳಿಗೆ ಮನೆಯ ಪ್ಲಾಸ್ಟಿಕ್ ಪ್ರಿಂಟು ಖಂಡಿತ ಬೇಡ. ಹಾಗೆಯೇ, ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲ ಎಂದು ಹೇಳಬಲ್ಲ ಹಿರಿಯರು ನಿಮ್ಮಲ್ಲಿ ಇದ್ದರೆ, ಅವರು ಕೆಲಸ ಮಾಡುವಾಗ ಒಬ್ಬ ಹೊಸಬ ಪಕ್ಕದಲ್ಲಿ ನಿಂತು ಸದ್ದು ಸಮೇತ ವಿಡಿಯೋ ಮಾಡಲಿ. ಆ ವಿದ್ಯೆ ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ.

ದಾರಿ ತಪ್ಪುತ್ತಿದೆ ಎಂದು ಹೇಳುವ ಚಿಹ್ನೆಗಳು

ಹೊಸಬರು ಹೊಸಬರ ಜೊತೆಗೇ, ಹಿರಿಯರು ಹಿರಿಯರ ಜೊತೆಗೇ ನಿಲ್ಲುತ್ತಿದ್ದರೆ. ಯೋಜನೆಯ ಕಾರು ಎರಡು ತಿಂಗಳಿಂದ ಅದೇ ಸ್ಥಿತಿಯಲ್ಲಿದ್ದರೆ. ಬಿಚ್ಚಿದ ಭಾಗಗಳ ಚೀಲದ ಮೇಲೆ ಹೆಸರು, ತಾರೀಕು ಬರೆಯುವುದನ್ನು ಜನ ನಿಲ್ಲಿಸಿದ್ದರೆ. ‘ನಮ್ಮ ಕಾಲದಲ್ಲಿ’ ಎಂಬ ಮಾತು ಒಂದು ಮಧ್ಯಾಹ್ನದಲ್ಲಿ ಐದು ಸಲ ಕೇಳಿಬಂದರೆ. ಇವುಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಎರಡನೆಯದು. ನಿಂತ ಕಾರು ಇಡೀ ಗುಂಪನ್ನು ನಿಲ್ಲಿಸುತ್ತದೆ. ಹಾಗಾದಾಗ ದೊಡ್ಡ ಕೆಲಸ ಬದಿಗಿಟ್ಟು, ಒಂದೇ ದಿನದಲ್ಲಿ ಮುಗಿಯುವ ಸಣ್ಣದೊಂದನ್ನು ಎತ್ತಿಕೊಳ್ಳಿ. ಹಾರ್ನ್ ಹೊಡೆಯುವಂತೆ ಮಾಡಿದರೂ ಸಾಕು.

ಒಂದು ವರ್ಷವಾದ ಮೇಲೆ ಎಷ್ಟು ಮಂದಿ ಸೇರಿದರು ಎಂದು ಎಣಿಸಬೇಡಿ. ಎರಡನೇ ಸಲ ಬಂದವರು ಎಷ್ಟು, ಐದನೇ ಸಲ ಬಂದವರು ಎಷ್ಟು ಎಂದು ಎಣಿಸಿ. ಮತ್ತೆ ಶೆಡ್ಡಿನ ಬೀಗದ ಕೈ ಈಗ ಯಾರ ಯಾರ ಬಳಿ ಇದೆ ನೋಡಿ. ಮೂವತ್ತು ದಾಟದ ಒಬ್ಬರ ಬಳಿಯಾದರೂ ಇಲ್ಲದಿದ್ದರೆ ನಾಳೆಯೇ ಒಂದು ಮಾಡಿಸಿ ಕೊಡಿ.